ದೊರೆತನ: ಒಂದು ಪದ, ಬೀದರದ ನೆಲ

ಕನ್ನಡ ಸತ್ಯವೇದದ ಮೊದಲ ಪುಟದಲ್ಲೇ 'ದೊರೆತನ' ಎಂಬ ಪದ ಬರುತ್ತದೆ. ಆದಿಕಾಂಡದ ಮೊದಲ ಅಧ್ಯಾಯ, 26 ಮತ್ತು 28ನೇ ವಚನಗಳು. ಆರನೆಯ ದಿನ ದೇವರು ಗಂಡುಹೆಣ್ಣುಗಳನ್ನು ತನ್ನ ಸ್ವರೂಪದಲ್ಲಿ ಉಂಟುಮಾಡಿ, ಮೀನು, ಹಕ್ಕಿ, ದನಕರು, ನೆಲದ ಮೇಲೆ ಹರಿದಾಡುವ ಸಕಲ ಜೀವಿಗಳ ಮೇಲೆ ಅವರಿಗೆ ದೊರೆತನವನ್ನು ಒಪ್ಪಿಸುತ್ತಾನೆ. ಬೀದರದ ಮಂಗಲಪೇಟೆಯ ಮೆಥಡಿಸ್ಟ್ ಚರ್ಚಿನಲ್ಲಿ ಈ ಭಾಗ ಓದಿದಾಗ ಅರ್ಥ ಕೇಳಲು ಯಾರೂ ಕೈ ಎತ್ತುವುದಿಲ್ಲ. ಭಾಲ್ಕಿ, ಔರಾದ ತಾಲ್ಲೂಕುಗಳ ಹಳ್ಳಿಗಳಲ್ಲಿ ಇದನ್ನು ಕೇಳುತ್ತ ಕೂತವರ ಅಜ್ಜ ಮುತ್ತಜ್ಜಂದಿರಿಗಂತೂ ದೊರೆ ಎಂದರೆ ಯಾರು ಎಂಬುದು ಬೆನ್ನಿಗೂ ಗೊತ್ತಿತ್ತು, ಹೊಟ್ಟೆಗೂ ಗೊತ್ತಿತ್ತು.

ಈ ಪದ ಈಗ ಕಟಕಟೆಯಲ್ಲಿ ನಿಂತಿದೆ. ಅಮೆರಿಕದ ಇತಿಹಾಸಕಾರ ಲಿನ್ ವೈಟ್ 1967ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದ ಲೇಖನವೊಂದು ಪರಿಸರದ ಅನಾಹುತದ ಬೇರನ್ನು ಪಾಶ್ಚಾತ್ಯ ಕ್ರೈಸ್ತರ ಮನೋಭಾವದಲ್ಲಿ ಹುಡುಕಿತು. ನಿಸರ್ಗವಿರುವುದೇ ಮನುಷ್ಯನ ಉಪಯೋಗಕ್ಕೆ ಎಂಬ ನಂಬಿಕೆ ಆದಿಕಾಂಡದಿಂದ ಬಂತು ಎಂಬುದು ಅಲ್ಲಿನ ಆರೋಪ. ಅಂದಿನಿಂದ ದೇವಶಾಸ್ತ್ರಿಗಳು ಈ ವಚನಕ್ಕೆ ಸಮಜಾಯಿಷಿ ಕೊಡುತ್ತಲೇ ಬಂದಿದ್ದಾರೆ. ದೊರೆತನ ಅಂದರೆ ದೊರೆತನವಲ್ಲ, ಮನೆವಾರ್ತೆ ಎಂದು ತಿಳಿಯಿರಿ, ಯಜಮಾನ ಬರುವವರೆಗೆ ಮನೆ ನೋಡಿಕೊಳ್ಳುವವನ ಹೊಣೆ ಎಂದು ತಿಳಿಯಿರಿ ಎನ್ನುತ್ತಾರೆ. ನಮ್ಮ ಪ್ರಸಂಗಪೀಠಗಳಲ್ಲೂ ಜೂನ್ ತಿಂಗಳ ಪರಿಸರ ಭಾನುವಾರಗಳಂದು ಇದೇ ಮಾತು ಕೇಳಿಸುತ್ತದೆ. ತಪ್ಪಾದ ಮಾತೇನಲ್ಲ. ಆದರೆ ಒಂದು ಪದವನ್ನು ಕೈಬಿಟ್ಟು ಇನ್ನೊಂದಕ್ಕೆ ಓಡುವ ಮುನ್ನ, ಅದು ಬಾಳಿದ ಬಾಳನ್ನು ವಿಚಾರಿಸುವುದು ನ್ಯಾಯ.

ಹಳಗನ್ನಡದ ಓದುಗನಿಗೆ ದೊರೆ ಎಂದಾಗ ಸಿಂಹಾಸನಕ್ಕಿಂತ ಮೊದಲು ನೆನಪಾಗುವುದು ಸಾಟಿ. ಒಬ್ಬನಿಗೆ ಇನ್ನೊಬ್ಬ ದೊರೆ ಎಂದರೆ ಅವನಿಗೆ ಸಮನಾದವನು, ಅವನ ಜೊತೆ ನಿಲ್ಲಬಲ್ಲವನು. ಅದರ ಬೆನ್ನಿಗೇ ಯೋಗ್ಯತೆ, ಘನತೆ ಎಂಬ ಛಾಯೆಗಳೂ ಬಂದವು. ಇದೇ ಉಚ್ಚಾರದ ಇನ್ನೊಂದು ಪದ ನದಿಯದು. ತೊರೆ ಎಂಬುದು ಸಮಾಸದಲ್ಲಿ ದೊರೆಯಾಗುತ್ತದೆ. ಶಾಸನಗಳ ಪೆರ್ದೊರೆ ನಮ್ಮ ಕೃಷ್ಣಾ ನದಿ, ಕೃಷ್ಣೆ ತುಂಗಭದ್ರೆಗಳ ನಡುವಿನ ರಾಯಚೂರು ಸೀಮೆ ಎಡೆದೊರೆ ನಾಡು.

ಮೂರನೆಯದು ಕ್ರಿಯಾಪದ. ಇದು ಇವತ್ತಿಗೂ ನಮ್ಮ ಬಾಯಲ್ಲಿದೆ: ನೀರು ದೊರೆಯಿತು, ಕೆಲಸ ದೊರೆಯಿತು, ನ್ಯಾಯ ದೊರೆಯಲಿಲ್ಲ. ಈ ಕ್ರಿಯಾಪದದ ನಡೆಯನ್ನು ಸ್ವಲ್ಪ ನಿಂತು ನೋಡಬೇಕು. ನೀರು ಪಡೆದವನು 'ನಾನು ದೊರೆತೆ' ಎನ್ನಲಾರ, 'ನನಗೆ ದೊರೆಯಿತು' ಎಂದೇ ಹೇಳಬೇಕು. ಪಡೆದವನು ಚತುರ್ಥಿ ವಿಭಕ್ತಿಯಲ್ಲಿ ಕೈಯೊಡ್ಡಿ ನಿಲ್ಲುತ್ತಾನೆ, ವಾಕ್ಯದ ಕರ್ತೃಸ್ಥಾನ ನೀರಿಗೆ ಸಲ್ಲುತ್ತದೆ. ಹಿಡಿ, ಗೆಲ್ಲು, ಕಿತ್ತುಕೋ ಎಂಬ ಕ್ರಿಯಾಪದಗಳಲ್ಲಿ ಈ ವಿನಯ ಇಲ್ಲ. ಸಾಟಿ, ಹೊಳೆ, ದೊರಕುವಿಕೆ, ಒಡೆತನ ಎಲ್ಲವನ್ನೂ ಒಂದೇ ಬೇರಿಗೆ ಗಂಟು ಹಾಕುವುದು ಶಾಸ್ತ್ರಕ್ಕೆ ಒಪ್ಪುವ ಕೆಲಸವಲ್ಲ, ನಾನೂ ಹಾಗೆ ಮಾಡುತ್ತಿಲ್ಲ. ಆದರೆ ಒಂದೇ ದನಿಯ ಈ ಅರ್ಥಗಳು ಕನ್ನಡದಲ್ಲಿ ಶತಮಾನಗಳ ಕಾಲ ನೆರೆಮನೆಯವರಾಗಿ ಬಾಳಿವೆ. ಸತ್ಯವೇದವನ್ನು ಕನ್ನಡದಲ್ಲಿ ಓದುವವನಿಗೆ ಆ ನೆರೆಯ ಮಾತೂ ಕೇಳಿಸಬೇಕು.

ಒಡೆಯ, ಅರಸ ಎಂಬ ಅರ್ಥದ ದೊರೆಗೆ ತೆಲುಗಿನ ದೊರ, ತಮಿಳಿನ ದುರೈ ಒಡಹುಟ್ಟುಗಳು. ಸುರಪುರದ ನಾಯಕರು ದೊರೆಗಳು. ಕಂಪನಿ ಸರಕಾರದ ಬಿಳಿಯ ಅಧಿಕಾರಿಯೂ ದೊರೆ, ಅವನ ಮಡದಿ ದೊರೆಸಾನಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಅನುವಾದಕ್ಕೆ ಕೈಹಾಕಿದರು, 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಮುಂದೆ ಅದನ್ನು ಮತ್ತೆ ಮತ್ತೆ ತಿದ್ದಿದರು. ಇಂದು ನಮ್ಮ ಪ್ರೊಟೆಸ್ಟಂಟ್ ಸಭೆಗಳಲ್ಲಿ ಓದುವ ಹಳೆಯ ಅನುವಾದದಲ್ಲಿ ದೊರೆತನ ಗಟ್ಟಿಯಾಗಿ ಕೂತಿದೆ.

ಆ ಪುಸ್ತಕ ಬೀದರಕ್ಕೆ ಬಂದಾಗ ಇದು ನಿಜಾಮರ ರಾಜ್ಯ. ಜಾಗೀರು, ಪಾಯಗಾ ಹಳ್ಳಿಗಳ ಸೀಮೆ. ಪಕ್ಕದ ತೆಲಂಗಾಣದಲ್ಲಿ 'ದೊರ' ಎಂದರೆ 'ಗಡಿ' ಎಂಬ ಕೋಟೆಮನೆಯೊಳಗೆ ಕೂತು ಊರಿಗೆ ಊರನ್ನೇ ಬಿಟ್ಟಿ ದುಡಿಸಿಕೊಳ್ಳುವ ಭೂಮಾಲೀಕ. ಬೀದರದ ಕಡೆ ಪಾಟೀಲ, ದೇಶಮುಖ, ಜಾಗೀರ್ದಾರ ಎಂದು ಹೆಸರು ಬೇರೆ ಇದ್ದಿರಬಹುದು, ಬಿಟ್ಟಿ ಚಾಕರಿ ಬೇರೆ ಇರಲಿಲ್ಲ. 19ನೇ ಶತಮಾನದ ಕೊನೆಯಲ್ಲಿ ಇಲ್ಲಿಗೆ ಬಂದ ಅಮೆರಿಕದ ಮೆಥಡಿಸ್ಟ್ ಮಿಷನರಿಗಳ ಮಾತಿಗೆ ಕಿವಿಗೊಟ್ಟವರಲ್ಲಿ ಹೆಚ್ಚಿನವರು ಮಾದಿಗ ಮತ್ತು ಹೊಲೆಯ ಕೇರಿಗಳವರು. ಊರ ಬಾವಿಯ ಹಗ್ಗ ಮುಟ್ಟುವಂತಿಲ್ಲದವರು, ಉತ್ತು ಬಿತ್ತಿ ಕಳೆ ಕಿತ್ತ ಹೊಲದಲ್ಲಿ ಒಂದು ಗೇಣು ಸ್ವಂತದ್ದಿಲ್ಲದವರು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದೊಳಗೆ ಬಂತು, 1949ರಲ್ಲಿ ಜಾಗೀರು ರದ್ದಾಯಿತು, 1956ರಲ್ಲಿ ಬೀದರ, ಭಾಲ್ಕಿ, ಔರಾದ ಮೈಸೂರು ರಾಜ್ಯಕ್ಕೆ ಸೇರಿದವು. ಕೇರಿಯವರ ಪಾಲಿಗೆ ಹೊಲ ಮಾತ್ರ ಬಹುಪಾಲು ಇದ್ದವರ ಕೈಯಲ್ಲೇ ಉಳಿಯಿತು.

ಅಂಥವರ ಕಿವಿಗೆ ಆದಿಕಾಂಡದ ದೊರೆತನ ಹೇಗೆ ಕೇಳಿಸಿರಬೇಕು? ಪಶ್ಚಿಮದ ಪರಿಸರವಾದಿ ಓದು ಇಲ್ಲಿ ದಾರಿ ತಪ್ಪುತ್ತದೆ ಎಂಬುದು ನನ್ನ ನಂಬಿಕೆ. ಲಿನ್ ವೈಟ್ ನೋಡಿದ ಓದುಗ ಆಗಲೇ ದೊರೆಯಾಗಿದ್ದವನು: ಗರಗಸ, ಹಡಗು, ಗಣಿ, ವಸಾಹತು ಎಲ್ಲವೂ ಉಳ್ಳವನು. ಅವನ ಕೈಯಿಂದ ಈ ಪದವನ್ನು ಕಸಿದುಕೊಳ್ಳುವುದು ಸರಿಯೇ. ಬೀದರದ ಕೇರಿಯವನಿಗೆ ಅದೇ ಪದ ಬೇರೆಯದನ್ನು ಹೇಳಿತು: ದೊರೆತನ ಕೊಟ್ಟದ್ದು ಜಾಗೀರ್ದಾರನೊಬ್ಬನಿಗಲ್ಲ, ನಿನಗೂ, ನಿನ್ನ ಹೆಂಡತಿಗೂ. ಪ್ರಾಚೀನ ಈಜಿಪ್ಟ್, ಮೆಸೊಪೊಟೇಮಿಯಗಳಲ್ಲಿ ದೇವರ ಸ್ವರೂಪ ಎಂದು ಹೆಚ್ಚಾಗಿ ಕರೆಸಿಕೊಂಡವನು ಅರಸ. ಆದಿಕಾಂಡ ಆ ಬಿರುದನ್ನು ಅರಸನ ತಲೆಯಿಂದ ಇಳಿಸಿ ಹುಟ್ಟಿದ ಮನುಷ್ಯರಿಗೆಲ್ಲ ಹಂಚಿತು. ಎಲ್ಲರೂ ದೊರೆಗಳಾದ ಮೇಲೆ ದೊರೆ ಎಂಬ ಪದಕ್ಕೆ ಉಳಿಯುವ ಅರ್ಥ ಹಳಗನ್ನಡದ್ದೇ, ಸಾಟಿ.

ಎ.ಪಿ. ನಿರ್ಮಲ್ 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಶೂದ್ರ ದೇವಶಾಸ್ತ್ರದ ಕಡೆಗೆ ಎಂದು ಉಪನ್ಯಾಸ ಕೊಟ್ಟು, ದಲಿತ ದೇವಶಾಸ್ತ್ರ ಎಂದು ಮುಂದೆ ಹೆಸರಾದ ಚಿಂತನೆಗೆ ದಾರಿ ತೆರೆದರು. ಸತ್ಯವೇದವನ್ನು ಯಾರ ನೋವಿನಿಂದ ಓದುತ್ತೇವೆ ಎಂಬುದು ಆ ಚಿಂತನೆಯ ಮೊದಲ ಪ್ರಶ್ನೆ. ಆಸ್ಟ್ರೇಲಿಯದ ನಾರ್ಮನ್ ಹ್ಯಾಬೆಲ್ ಮತ್ತು ಸಂಗಡಿಗರು 2000ದಿಂದ ಹೊರತಂದ 'ಅರ್ಥ್ ಬೈಬಲ್' ಸಂಪುಟಗಳು ಭೂಮಿಯ ನೋವಿನಿಂದ ಓದಲು ಹೊರಟವು. ಈ ಎರಡು ಓದುಗಳನ್ನು ಬೇರೆ ಬೇರೆ ಕಪಾಟಿನಲ್ಲಿ ಇಡುವ ವಿದ್ವತ್ತು ಬೀದರಕ್ಕೆ ಬೇಡ. ಇಲ್ಲಿ ಬತ್ತಿದ ನೆಲ ಮತ್ತು ಆ ನೆಲ ದಕ್ಕದ ಮನುಷ್ಯ ಒಂದೇ ಕೈಯಿಂದ ಏಟು ತಿಂದವರು.

ಬೀದರದ ಇನ್ನೊಂದು ಭಾಗ್ಯ ಅದರ ನಾಲ್ಕು ಮಾತು. ಮಂಗಲಪೇಟೆಯಲ್ಲಿ ಕನ್ನಡ, ತೆಲಂಗಾಣದ ಬೀಗರ ಮನೆಯಲ್ಲಿ ತೆಲುಗು, ಔರಾದದ ಸಂತೆಯಲ್ಲಿ ಮರಾಠಿ, ಹಳೆಯ ತಲೆಮಾರಿನವರ ಶಾಲೆಯಲ್ಲಿ ಉರ್ದು. ನಿಜಾಮರ ಕಾಲಕ್ಕೆ ಭಾಲ್ಕಿಯಲ್ಲಿ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಸೀಮೆ ಇದು. ಒಂದೇ ಮನೆಯಲ್ಲಿ ಎರಡು ಭಾಷೆಯ ಬೈಬಲ್ ಇರುವುದು ಇಲ್ಲಿ ಅಚ್ಚರಿಯಲ್ಲ. ಕನ್ನಡದ ದೊರೆತನದ ಜಾಗದಲ್ಲಿ ಮರಾಠಿಯವರು ಸತ್ತಾ ಎಂದರು. ತೆಲುಗಿನವರು ಏಲು ಎಂದರು, ಅದು ನಮ್ಮ ಆಳು ಎಂಬ ಕ್ರಿಯಾಪದದ ತಂಗಿ. ಉರ್ದು ಬೈಬಲ್ ಇಖ್ತಿಯಾರ್ ಎಂದಿತು. ನಮ್ಮ ಕಡೆಯ ಕಚೇರಿ ಮಾತಿನ ಅಖತ್ಯಾರ ಇದೇ. ಅರಬ್ಬಿಯಲ್ಲಿ ಇದರ ಬೇರು ಆಯ್ಕೆಯನ್ನೂ ಒಳಿತನ್ನೂ ಒಟ್ಟಿಗೆ ಹೇಳುತ್ತದೆ. ಖೈರ್ ಎಂಬ ಪದವೂ ಅಲ್ಲಿಂದಲೇ. ಅಖತ್ಯಾರ ಉಳ್ಳವನೆಂದರೆ ಒಳಿತನ್ನು ಆರಿಸಬಲ್ಲವನು. ಕನ್ನಡದ ಓದಿಗೆ ನೆರೆಮನೆಯ ಉರ್ದು ಕೊಟ್ಟ ಈ ಬೆಳಕನ್ನು ನಾನು ದೊಡ್ಡದೆಂದು ಎಣಿಸುತ್ತೇನೆ.

ಮೂಲದ ಹೀಬ್ರೂ ಪದ ರಾದಾ. ಅದು ಅರಸೊತ್ತಿಗೆಯದೇ ಪದ, ಮೆತ್ತನೆಯದೇನಲ್ಲ. ಆದರೆ ಸತ್ಯವೇದ ಅದನ್ನು ಬೇರೆಡೆ ಎಲ್ಲಿ ಬಳಸಿದೆ ಎಂದು ಹುಡುಕಿದರೆ ಒಂದು ಎಚ್ಚರ ಸಿಗುತ್ತದೆ. ಯಾಜಕಕಾಂಡದ 25ನೇ ಅಧ್ಯಾಯ, ಸಾಲಕ್ಕೆ ಬಿದ್ದು ಆಳಾದ ಬಡವನ ಮೇಲೆ ಕ್ರೂರವಾಗಿ ರಾದಾ ನಡೆಸಬಾರದೆಂದು ವಿಧಿಸುತ್ತದೆ. ಅಲ್ಲಿ ಕ್ರೌರ್ಯಕ್ಕೆ ಇರುವ ಪದ, ಐಗುಪ್ತದಲ್ಲಿ ಇಸ್ರಾಯೇಲ್ಯರನ್ನು ಇಟ್ಟಿಗೆ ಗೂಡಿನಲ್ಲೂ ಹೊಲದಲ್ಲೂ ದುಡಿಸಿದ ಕ್ರೌರ್ಯಕ್ಕೆ ಇರುವ ಪದವೇ. ಯೆಹೆಜ್ಕೇಲನ 34ನೇ ಅಧ್ಯಾಯದಲ್ಲಿ ಹಾಗೆ ರಾದಾ ನಡೆಸಿದ ಕುರುಬರ ಮೇಲೆ, ಅಂದರೆ ಅರಸರ ಮೇಲೆ, ದೇವರೇ ದಾವೆ ಹೂಡುತ್ತಾನೆ. 72ನೇ ಕೀರ್ತನೆ ಒಳ್ಳೆಯ ಅರಸನನ್ನು ಬಯಸುತ್ತದೆ. ಅವನ ರಾದಾ ಕಡಲಿಂದ ಕಡಲಿಗೆ ಹಬ್ಬಬೇಕು, ಆದರೆ ಅವನು ಕೊಯ್ದ ಹುಲ್ಲಿನ ಮೇಲೆ ಮಳೆಯಾಗಿ ಇಳಿಯಬೇಕು, ದಿಕ್ಕಿಲ್ಲದವನ ಕೂಗಿಗೆ ಓಗೊಡಬೇಕು. ಜೀತಕ್ಕಿದ್ದವರ ಮಕ್ಕಳು ಈ ಮೂರು ಭಾಗಗಳನ್ನು ಆದಿಕಾಂಡದ ಪಕ್ಕದಲ್ಲಿಟ್ಟು ಓದಿದರೆ ಅವರಿಗೆ ಬೇರೆ ವ್ಯಾಖ್ಯಾನ ಬೇಕಿಲ್ಲ. ಎಂಥ ದೊರೆತನ ದೇವರಿಗೆ ಸಲ್ಲದು ಎಂಬುದಕ್ಕೆ ಅವರ ಮನೆಗಳಲ್ಲೇ ಸಾಕ್ಷಿ ಇತ್ತು.

ಆದಿಕಾಂಡದ ಅದೇ ಪುಟ ಈ ದೊರೆಯ ಕೈಯನ್ನು ಇನ್ನಷ್ಟು ಕಟ್ಟುತ್ತದೆ. ಹೆಚ್ಚಿರಿ, ತುಂಬಿಕೊಳ್ಳಿರಿ ಎಂಬ ಆಶೀರ್ವಾದ ಐದನೆಯ ದಿನವೇ ಮೀನು ಹಕ್ಕಿಗಳಿಗೆ ದೊರೆಯಿತು. ಮನುಷ್ಯ ಅದನ್ನು ಪಡೆದದ್ದು ಅವುಗಳ ನಂತರ. ಅವನಿಗೆ ಒಂದು ಪ್ರತ್ಯೇಕ ದಿನವೂ ಇಲ್ಲ, ದನಕರು ಕಾಡುಮೃಗಗಳ ಜೊತೆಗೆ ಆರನೆಯ ದಿನವೇ ಸೃಷ್ಟಿ. ದೊರೆತನ ಕೊಟ್ಟ ಮರುವಚನದಲ್ಲೇ ಊಟದ ಮಾತು ಬರುತ್ತದೆ: ಮನುಷ್ಯರಿಗೆ ಕಾಳು ಹಣ್ಣು, ಮಿಕ್ಕ ಪ್ರಾಣಿಗಳಿಗೆ ಹಸಿರು ಸೊಪ್ಪು. ಮಾಂಸದ ಅನುಮತಿ ಬರುವುದು ಜಲಪ್ರಳಯದ ನಂತರ, 9ನೇ ಅಧ್ಯಾಯದಲ್ಲಿ. ಆ ಅಧ್ಯಾಯದಲ್ಲೇ ದೇವರು ನೋಹನ ಜೊತೆಗೆ ಹಕ್ಕಿ, ದನ, ಕಾಡುಮೃಗಗಳ ಜೊತೆಯೂ ಒಡಂಬಡಿಕೆ ಮಾಡಿಕೊಳ್ಳುತ್ತಾನೆ. ಒಡಂಬಡಿಕೆಗೆ ಕೂತವರು ಒಬ್ಬರಿಗೊಬ್ಬರು ದೊರೆಗಳು, ಹಳಗನ್ನಡದ ಅರ್ಥದಲ್ಲಿ.

ಇಷ್ಟು ಹೇಳಿದ ಮೇಲೆ ಒಂದು ಕಹಿಯನ್ನು ಮುಚ್ಚಿಡಬಾರದು. ಭೂಮಿಯನ್ನು ವಶಮಾಡಿಕೊಳ್ಳಿ ಎಂಬ ಮಾತೂ ಅಲ್ಲೇ ಇದೆ. ಅದರ ಹೀಬ್ರೂ ಪದ ಕಾಬಶ್ ನಿಜವಾಗಿಯೂ ತುಳಿಯುವ ಪದ. ಯೆರೆಮೀಯನ 34ನೇ ಅಧ್ಯಾಯದಲ್ಲಿ ಬಿಡುಗಡೆಯಾದ ಆಳುಗಳನ್ನು ಒಡೆಯರು ಮತ್ತೆ ಹಿಡಿದು ದಾಸ್ಯಕ್ಕೆ ನೂಕುತ್ತಾರೆ, ಆ ಕೃತ್ಯಕ್ಕೆ ಇದೇ ಪದ. ಇದನ್ನು ತೊಳೆದು ಹಸಿರು ಬಳಿಯುವುದು ಪ್ರಾಮಾಣಿಕತೆಯಲ್ಲ. ಹ್ಯಾಬೆಲ್ ಕೂಡ ಬೈಬಲಿನಲ್ಲಿ ಹಸಿರು ಭಾಗಗಳಿರುವಂತೆ ಬೂದು ಭಾಗಗಳೂ ಇವೆ ಎಂದು ನೇರವಾಗಿ ಒಪ್ಪಿಕೊಂಡವರು. ಗುಡ್ಡಗಾಡಿನ ಕಲ್ಲುನೆಲದಲ್ಲಿ ಕಾಳಿಗಾಗಿ ಹೆಣಗಿದ ಒಂದು ಸಣ್ಣ ಜನಾಂಗದ ಬಾಯಲ್ಲಿ ಆ ಪದಕ್ಕೆ ಇದ್ದ ಬಲವೇ ಬೇರೆ, ಕೊರೆಯುವ ಯಂತ್ರ ನೂರಾರು ಅಡಿ ಇಳಿಯುವ ಕಾಲದಲ್ಲಿ ಅದಕ್ಕೆ ಬರುವ ಬಲವೇ ಬೇರೆ.

ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ದೊರೆಯ ಪದವೇ ಇಲ್ಲ. ಅಲ್ಲಿ ದೇವರು ಅದಾಮಾದಿಂದ, ಅಂದರೆ ಮಣ್ಣಿನಿಂದ, ಆದಾಮನನ್ನು ರೂಪಿಸುತ್ತಾನೆ. 19ನೇ ವಚನದಲ್ಲಿ ಮೃಗಗಳನ್ನೂ ಅದೇ ಮಣ್ಣಿನಿಂದ. ಹೀಬ್ರೂ ಕಿವಿಗೆ ಅದಾಮಾದಲ್ಲಿ ಕೆಂಪು ಬಣ್ಣವೂ ಕೇಳಿಸುತ್ತದೆ. ಬೀದರ ನಗರ ಕೂತಿರುವುದು ಅಂಥ ಕೆಂಪು ಜಂಬಿಟ್ಟಿಗೆಯ ಹಾಸಿನ ಮೇಲೆ. ಭಾಲ್ಕಿ, ಔರಾದದ ಕಡೆ ಇಳಿದರೆ ಎರೆ ಭೂಮಿ, ಕರಿಯ ಮಣ್ಣು. ಆ ಮನುಷ್ಯನನ್ನು ತೋಟದಲ್ಲಿ ಇಟ್ಟ ಉದ್ದೇಶಕ್ಕೆ ಎರಡು ಕ್ರಿಯಾಪದಗಳಿವೆ, ಆವದ್ ಮತ್ತು ಶಾಮರ್. ಕನ್ನಡ ಅನುವಾದಕರು ಮೊದಲನೆಯದಕ್ಕೆ ವ್ಯವಸಾಯ ಎಂದರು. ಅರ್ಥ ಸರಿ, ಆದರೆ ಆವದ್ ಎಂದರೆ ಸೇವೆ, ಆಳು ದುಡಿಯುವ ಸೇವೆಯೂ ಹೌದು, ದೇವರಿಗೆ ಸಲ್ಲುವ ಸೇವೆಯೂ ಹೌದು. ಬಸವಕಲ್ಯಾಣದ ಜಿಲ್ಲೆಯವರಿಗೆ ದುಡಿಮೆಯೂ ಆರಾಧನೆಯೂ ಒಂದೇ ಎಂಬುದನ್ನು ಹೊಸದಾಗಿ ಹೇಳಬೇಕಿಲ್ಲ. ಎರಡನೆಯದಕ್ಕೆ ಅನುವಾದಕರು ಆರಿಸಿದ್ದು ಕಾಯು. ಇದಕ್ಕಿಂತ ಒಳ್ಳೆಯ ಪದ ಇರಲಾರದು. ದನ ಕಾಯುವವನು, ಹೊ‍ಲ ಕಾಯುವವನು, ಬಿಸಿಲು ಕಾಯುವವನು, ಮಳೆಗೆ ಕಾಯುವವನು: ರಕ್ಷಣೆಯೂ ತಾಳ್ಮೆಯೂ ಒಂದೇ ಪದದಲ್ಲಿ ಇವೆ.

ಮಳೆಗೆ ಕಾಯುವುದು ಏನೆಂಬುದನ್ನು ಬೀದರದ ಬಹಮನಿ ಸುಲ್ತಾನರ ಕಾಲದ ಕುಶಲಿಗಳು ಬಲ್ಲವರಾಗಿದ್ದರು. ಜಂಬಿಟ್ಟಿಗೆ ತೂತುತೂತಾದ ಕಲ್ಲು, ಮಳೆಯನ್ನು ಕುಡಿಯುತ್ತದೆ. ಅದರ ಕೆಳಗಿನ ಕಪ್ಪುಶಿಲೆ ನೀರನ್ನು ಕೆಳಗೆ ಬಿಡುವುದಿಲ್ಲ. ಎರಡೂ ಕೂಡುವಲ್ಲಿ ಒರತೆ. ನಾನಕ್ ಝರಾ, ಪಾಪನಾಶದ ಸೆಲೆಗಳು ಹಾಗೆ ಹುಟ್ಟಿದವು. 15ನೇ ಶತಮಾನದಲ್ಲಿ ಈ ನೀರಿಗೆ ನೌಬಾದಿನ ಕಡೆ ಸುರಂಗ ತೋಡಿದರು. ಮೇಲಿಂದ ಸಾಲಾಗಿ ಬಾವಿಗಳು, ಒಳಗೆ ಸಣ್ಣ ಇಳಿಜಾರು, ನೀರು ತನ್ನ ಪಾಡಿಗೆ ತಾನು ಹರಿಯುತ್ತದೆ. ಕರೇಜ್ ಎನ್ನುವ ಈ ವ್ಯವಸ್ಥೆ ಸೆಲೆ ಕೊಟ್ಟಷ್ಟನ್ನೇ ತೆಗೆದುಕೊಳ್ಳಬಲ್ಲದು. ಕೊಳವೆಬಾವಿ ಹಾಗಲ್ಲ, ಅದು ಪಂಪಿನ ಶಕ್ತಿ ಇದ್ದಷ್ಟನ್ನೂ ಎಳೆಯುತ್ತದೆ. ಕರೇಜಿನ ನೀರು 'ದೊರೆಯುವ' ನೀರು, ಕೊಳವೆಬಾವಿಯದು ವಶಮಾಡಿಕೊಂಡ ನೀರು. ಕಬ್ಬಿನ ಗದ್ದೆಗಳು ಹೆಚ್ಚಿದ ಈ ಜಿಲ್ಲೆಯಲ್ಲಿ ಆದಿಕಾಂಡದ ಒಂದು ವಚನದೊಳಗಿನ ಜಗಳವನ್ನು ಯಾವ ರೈತನ ಅಂಗಳದಲ್ಲಾದರೂ ನೋಡಬಹುದು.

ಯಾಜಕಕಾಂಡದ 25ನೇ ಅಧ್ಯಾಯಕ್ಕೆ ಮತ್ತೆ ಹೋಗಬೇಕು. ನನ್ನ ಮಟ್ಟಿಗೆ ಇಡೀ ಸತ್ಯವೇದದ ಪರಿಸರಶಾಸ್ತ್ರ ಅಲ್ಲಿದೆ, ಭೂಸುಧಾರಣೆಯೂ ಅಲ್ಲೇ ಇದೆ. ಭೂಮಿ ದೇವರದು, ನೀವು ಪರವಾಸಿಗಳು, ಆದ್ದರಿಂದ ಅದನ್ನು ಶಾಶ್ವತವಾಗಿ ಮಾರುವಂತಿಲ್ಲ. ಏಳನೆಯ ವರ್ಷ ನೆಲಕ್ಕೆ ಸಬ್ಬತ್ತು, ಉಳುವಂತಿಲ್ಲ. ತಾನಾಗಿ ಬೆಳೆದದ್ದು ಒಡೆಯ, ಆಳು, ಪರದೇಶಿ, ದನ, ಕಾಡುಮೃಗ ಎಲ್ಲರಿಗೂ. ಐವತ್ತನೆಯ ವರ್ಷ ಹೊಲ ಕಳೆದುಕೊಂಡವನಿಗೆ ಹೊಲ ಮರಳಬೇಕು. ನೆಲದ ವಿಶ್ರಾಂತಿ, ಮೃಗದ ಮೇವು, ಬಡವನ ಭೂಮಿ ಎಂಬುದು ಒಂದೇ ಅಧ್ಯಾಯದ ಒಂದೇ ಉಸಿರು. ನಮ್ಮಲ್ಲಿ ಪರಿಸರದ ಪ್ರಸಂಗ ಮಾಡುವವರು ಮರ ನೆಡುವುದಕ್ಕೆ ನಿಂತುಬಿಡುತ್ತಾರೆ, ಜಮೀನು ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆಯ ಹೊಸ್ತಿಲು ದಾಟುವುದಿಲ್ಲ. ಅದು ನನಗೆ ಬಹಳ ನೋವಿನ ಸಂಗತಿ.

ಬೀದರದ ರೈತರ ಎಳ್ಳಮಾವಾಸ್ಯೆ ಡಿಸೆಂಬರ್ ಕೊನೆ ಅಥವಾ ಜನವರಿ ಮೊದಲಲ್ಲಿ, ಹೆಚ್ಚುಕಡಿಮೆ ಕ್ರಿಸ್‌ಮಸ್ಸಿನ ಆಸುಪಾಸಿಗೇ ಬರುತ್ತದೆ. ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ನಡೆಯುವ ದಿನ ಅದು. ಭಜ್ಜಿ, ರೊಟ್ಟಿ, ಅಂಬಲಿ. ಉಣ್ಣುವ ಮೊದಲು ಹೊಲದ ಸುತ್ತ ಚರಗ ಚೆಲ್ಲಬೇಕು, ನೆಲದ ಪಾಲು ನೆಲಕ್ಕೆ, ಹಕ್ಕಿ ಹುಳುಗಳ ಪಾಲು ಅವಕ್ಕೆ. ಸತ್ಯವೇದದ ರೂತಳು ಬೋವಜನ ಹೊಲದಲ್ಲಿ ಮಾಡಿದ ಕೆಲಸಕ್ಕೆ ಕನ್ನಡದಲ್ಲಿ ಹಕ್ಕಲಾಯುವುದು ಎಂಬ ಪದವಿದೆ. ತೊಗರಿ, ಜೋಳದ ಕೊಯ್ಲಾದ ಮೇಲೆ ಕೇರಿಯ ಹೆಂಗಸರು ಮಾಡುತ್ತ ಬಂದದ್ದೂ ಅದನ್ನೇ. ಹೊಲದ ಅಂಚನ್ನು ಪೂರಾ ಕೊಯ್ಯಬೇಡ, ಉದುರಿದ್ದನ್ನು ಆರಿಸಬೇಡ ಎಂಬ ಯಾಜಕಕಾಂಡದ ಕಟ್ಟಳೆಯನ್ನು ಈ ಹೆಂಗಸರಿಗೆ ವಿವರಿಸಲು ಹೋಗುವ ಪ್ರಸಂಗಿ ಮೊದಲು ಅವರಿಂದ ಕೇಳಿಸಿಕೊಳ್ಳಲಿ.

ಅನುವಾದ ಮುಂದೊಮ್ಮೆ ಪರಿಷ್ಕಾರಕ್ಕೆ ಬಂದಾಗ ದೊರೆತನವನ್ನು ತೆಗೆದು ಉಸ್ತುವಾರಿ, ಪಾಲನೆ ಎಂದು ಹಾಕಬೇಕೆನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಉಸ್ತುವಾರಿ ಗುತ್ತಿಗೆದಾರನಿಗೆ ಒಪ್ಪುವ ಪದ. ಪಾಲನೆ ತುಂಬ ಸುಲಭವಾದ ಪದ, ಅದು ಯಾರನ್ನೂ ಪ್ರಶ್ನಿಸುವುದಿಲ್ಲ. ದೊರೆತನ ಎಂಬ ಪದ ಉಳಿದರೆ ಜಾಗೀರಿನ ನೆನಪೂ ಉಳಿಯುತ್ತದೆ, ಯಾವ ದೊರೆ ಎಂಬ ಪ್ರಶ್ನೆಯೂ ಉಳಿಯುತ್ತದೆ. ನಮ್ಮ ಹಳ್ಳಿಯ ತಾಯಂದಿರು ಉಣ್ಣಲೊಲ್ಲದ ಕೂಸನ್ನು 'ಬಾ ನನ್ನ ದೊರಿ' ಎಂದು ಕರೆಯುವುದುಂಟು. ಆ ಅರ್ಥವನ್ನೂ ಕಳೆದುಕೊಳ್ಳಲು ನನಗೆ ಮನಸ್ಸಿಲ್ಲ.

ಈ ಓದು ಎಲ್ಲಿ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ಔರಾದ, ಭಾಲ್ಕಿಯ ಬಯಲಿನ ಚಿಗರಿಗಳು ತೋರಿಸುತ್ತವೆ. ಚಿಗರಿ, ಅಂದರೆ ಕೃಷ್ಣಮೃಗ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿರುವ ಪ್ರಾಣಿ. ಹಿಂಡು ಹೆಸರು, ಉದ್ದು, ಜೋಳದ ಎಳೆ ಪೈರಿಗೆ ಇಳಿದರೆ ಸಣ್ಣ ಹಿಡುವಳಿದಾರನ ಒಂದು ವರ್ಷ ಹೋಯಿತು. ಯೋಬನ 38, 39ನೇ ಅಧ್ಯಾಯಗಳಲ್ಲಿ ದೇವರು ಮನುಷ್ಯರಿಲ್ಲದ ಮರುಭೂಮಿಗೂ ಮಳೆ ಕೊಡುತ್ತಾನೆ, ಮನುಷ್ಯನ ನೊಗಕ್ಕೆ ಸಿಗದ ಕಾಡುಕತ್ತೆಯನ್ನು ಹೆಮ್ಮೆಯಿಂದ ತೋರಿಸುತ್ತಾನೆ. ಚಿಗರಿಗೂ ಈ ನೆಲದ ಮೇಲೆ ತನ್ನದೇ ಹಕ್ಕಿದೆ ಎಂದು ನಂಬಲು ಅಷ್ಟು ಸಾಕು. ಆದರೆ ಆ ಹಕ್ಕಿನ ವೆಚ್ಚವನ್ನು ಎರಡೆಕರೆಯವನ ತಲೆಗೆ ಕಟ್ಟುವುದು ಮತ್ತೆ ಹಳೆಯ ದೊರೆತನವೇ. ವಿಮೋಚನಕಾಂಡದ 23ನೇ ಅಧ್ಯಾಯದಲ್ಲಿ ಬೀಳುಬಿಟ್ಟ ಹೊಲದ ಫಲಕ್ಕೆ ಮೊದಲ ಹಕ್ಕುದಾರರು ಬಡವರು, ಅವರು ಉಂಡು ಬಿಟ್ಟದ್ದು ಕಾಡುಮೃಗಗಳಿಗೆ. ಕೊಡಬೇಕಾದವನು ಹೊಲದೊಡೆಯ. ಇವತ್ತಿನ ಲೆಕ್ಕದಲ್ಲಿ ಚಿಗರಿಯ ಮೇವಿನ ಬೆಲೆ ಸರಕಾರದ ಖಜಾನೆಯಿಂದ, ಅಂದರೆ ನಮ್ಮೆಲ್ಲರಿಂದ, ಹೊಲ ಕಳೆದುಕೊಂಡವನ ಕೈಗೆ ತಡವಿಲ್ಲದೆ ಸೇರಬೇಕು. ಔರಾದದ ಒಂದು ಸಭೆ ತನ್ನ ಹಳ್ಳಿಯ ರೈತರ ಪರವಾಗಿ, ಅವರು ಯಾವ ಮತದವರಾದರೂ ಸರಿ, ಕೂತು ಆ ಪರಿಹಾರದ ಅರ್ಜಿ ಬರೆದುಕೊಡುವುದಾದರೆ ಅದೂ ಆದಿಕಾಂಡದ 28ನೇ ವಚನದ ಓದೇ.